ಹಳೇ ಮನೆಗೆ ಅಡುಗೆಕೋಣೆ ಸೇರಿಸಲು ಪಂಚಾಯತ್ ಪರ್ಮಿಟ್ ಬೇಕಾ? (ಬದಿಯಡ್ಕ ಕಡೆ)

ಪಳ್ಳತ್ತಡ್ಕದವ:

ಕಾಸರಗೋಡು ಕಡೆಯವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ. ನಮ್ಮದು ಬದಿಯಡ್ಕದ ಹತ್ತಿರ ಅಜ್ಜ ಕಟ್ಟಿಸಿದ ಕೆಂಪುಕಲ್ಲಿನ ಹಂಚಿನ ಮನೆ. ಈ ಮಳೆಗಾಲ ಮುಗಿದ ಮೇಲೆ ಒಂದಷ್ಟು ಕೆಲಸ ಮಾಡಿಸೋಣ ಅಂತ ಇದ್ದೇವೆ. ಪಕ್ಕಾಸು, ರೀಪು ಎಲ್ಲ ಗೆದ್ದಲು ಹಿಡಿದಿವೆ, ಅವನ್ನು ಬದಲಿಸಿ ಪುನಃ ಹಂಚು ಹೊದೆಸಬೇಕು. ಹಿಂದುಗಡೆ ಹೊಸ ಅಡುಗೆಕೋಣೆ, ಒಂದು ಬಾತ್‌ರೂಮು, ಎರಡೂ ಸೇರಿ 250 ಚದರಡಿ ಆಗಬಹುದು. ಅದಕ್ಕೆ ಸ್ಲ್ಯಾಬ್ ಹಾಕಿ, ಸ್ಲ್ಯಾಬಿನ ಮೇಲೆ ಅಡಿಕೆ ಒಣಗಿಸಲು ಶೀಟಿನ ಮಾಡು. ಮತ್ತೆ ಪಂಚಾಯತ್ ರಸ್ತೆಯ ಬದಿಗೆ ಪಾಗಾರ (ಕಾಂಪೌಂಡ್ ಗೋಡೆ).

ಇದರಲ್ಲಿ ಯಾವುದಕ್ಕೆ ಪರ್ಮಿಟ್ ಬೇಕು, ಯಾವುದಕ್ಕೆ ಬೇಡ? ಮೇಸ್ತ್ರಿ ಹತ್ತಿರ ಕೇಳಿದರೆ "ಇಷ್ಟಕ್ಕೆಲ್ಲ ಯಾರು ಪರ್ಮಿಟ್ ತೆಗೆಯುತ್ತಾರೆ ಮಾರಾಯ್ರೆ, ಕಲ್ಲು ತರಿಸಿ, ನಾನು ಶುರು ಮಾಡುತ್ತೇನೆ" ಎಂದ. ನೆರೆಮನೆಯವರು ಬಾಗಿಲು ಬದಲಿಸಿದರೂ ಪಂಚಾಯತಿಗೆ ಹೇಳಬೇಕು ಅಂತಾರೆ. ಪುತ್ತೂರಿನ ಭಾವನದ್ದು ಇನ್ನೊಂದು ರಾಗ. ಮೊದಲು ಕನ್ವರ್ಷನ್ ಮಾಡಿಸು, 9/11 (ಅಲ್ಲಿನ ಪಂಚಾಯತ್ ಖಾತೆಯ ಕಾಗದ) ಆಗದೆ ಯಾರೂ ಫೈಲ್ ಮುಟ್ಟುವುದಿಲ್ಲ ಎಂದು ಹೆದರಿಸಿಟ್ಟಿದ್ದಾರೆ.

ಇದರ ಜೊತೆಗೆ ತಮ್ಮನಿಗೆ ಬೇರೆ ಮನೆ ಕಟ್ಟುವ ಮಾತೂ ಇದೆ. ಅವನಿಗೆ ಸಿಕ್ಕಿದ್ದು ಕೆಳಗೆ ಬೈಲಿನ ಕಡೆ 10 ಸೆಂಟ್ಸ್. ಅಲ್ಲಿ ನಾನು ಹುಟ್ಟುವ ಮೊದಲಿನಿಂದಲೂ ಅಡಿಕೆ ತೋಟವೇ, ಆದರೆ ರೆಕಾರ್ಡಿನಲ್ಲಿ ನಂಜ (ಗದ್ದೆ ಜಾಗೆ) ಅಂತ ಇದೆ. ಇದರಿಂದ ತೊಂದರೆ ಉಂಟಾ?

ಮುಳ್ಳೇರಿಯ ಡ್ರಾಯಿಂಗ್:

ನಾನು ಈ ಕಡೆ ಪ್ಲಾನ್ ಬರೆಯುವ ಕೆಲಸದಲ್ಲಿರುವವ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಬೇಡಿ.

ಮೊದಲು ಭಾವನವರ ಮಾತು ಬದಿಗಿಡಿ. ಅವರು ಹೇಳಿದ್ದು ಕರ್ನಾಟಕದ ಮಟ್ಟಿಗೆ ಸರಿ. ಗಡಿ ದಾಟಿದರೆ ಕಾನೂನೇ ಬೇರೆ. ಇಲ್ಲಿ ನಡೆಯುವುದು 2019ರ ಕೇರಳ ಪಂಚಾಯತ್ ಕಟ್ಟಡ ನಿಯಮ. ಕಾಸರಗೋಡು, ಕಾಞಂಗಾಡ್, ನೀಲೇಶ್ವರ ಪೇಟೆಯೊಳಗೆ ಆದರೆ ಅದೇ ವರ್ಷದ ಮುನ್ಸಿಪಾಲಿಟಿ ನಿಯಮ. ಪುಂಜ ಜಾಗೆಯಲ್ಲಿ, ಅಂದರೆ ಮನೆ ಹಿತ್ತಿಲು, ಗುಡ್ಡೆ, ಹಳೇ ತೋಟದಲ್ಲಿ ಮನೆ ಕಟ್ಟಲು ಇಲ್ಲಿ ಕನ್ವರ್ಷನ್ ಎಂಬುದೇ ಇಲ್ಲ. 9/11 ಕೂಡ ಇಲ್ಲ. ಜಾಗೆಯ ಆಧಾರ (ನೋಂದಣಿಯಾದ ಪತ್ರ), ಆ ವರ್ಷದ ಭೂತೆರಿಗೆ ರಶೀದಿ, ವಿಲೇಜ್ ಆಫೀಸಿನ ಪೊಸೆಷನ್ ಸರ್ಟಿಫಿಕೇಟು, ಲೈಸೆನ್ಸ್ ಇರುವವರು ಸಹಿ ಹಾಕಿದ ಪ್ಲಾನು, ಮುಖ್ಯವಾಗಿ ಇಷ್ಟೇ.

ನಿಮ್ಮ ಕೆಲಸಗಳಿಗೆ ಬರೋಣ. ಪಕ್ಕಾಸು ಬದಲಿಸಿ ಮೊದಲಿದ್ದ ಹಾಗೆಯೇ ಹಂಚು ಹೊದೆಸುವುದಕ್ಕೆ ಪರ್ಮಿಟ್ ಬೇಡ. ಅದೇ ತರದ ಸಾಮಾನು ಬಳಸಿ ಮಾಡು ರಿಪೇರಿ ಮಾಡುವುದು ನಿಯಮದಲ್ಲೇ ಬಿಟ್ಟುಕೊಟ್ಟ ಕೆಲಸ. ಬಾಗಿಲು, ಕಿಟಿಕಿ ಇಡುವುದು ತೆಗೆಯುವುದು, ಸಾರಣೆ, ಪೈಂಟು, ನೆಲಕ್ಕೆ ಟೈಲ್ಸ್, ಭಾರ ಹೊರದ ಅಡ್ಡಗೋಡೆ, ಒಳಗಿನ ಅಲಂಕಾರ, ಇವಕ್ಕೂ ಬೇಡ. ನೆರೆಮನೆಯವರು ಸುಮ್ನೆ ಹೆದರಿಸಿದ್ದು. ಆದರೆ ಹಂಚು ಇಳಿಸಿ "ಹೇಗೂ ತೆಗೆದಾಯಿತಲ್ಲ, ಸ್ಲ್ಯಾಬೇ ಹಾಕಿಬಿಡೋಣ" ಅಂತ ಹೊರಟರೆ ಅದು ರಿಪೇರಿ ಅಲ್ಲ. ಆಗ ಪರ್ಮಿಟ್ ಬೇಕು. ಮಳೆ ಹತ್ತಿರ ಬಂದಾಗ ಮೇಸ್ತ್ರಿ ಹೀಗೆ ಹೇಳುವುದು, ಮನೆಯವರು ತಲೆಯಾಡಿಸುವುದು ತುಂಬಾ ನೋಡಿದ್ದೇನೆ.

ಅಡುಗೆಕೋಣೆ, ಬಾತ್‌ರೂಮಿಗೆ ಖಂಡಿತ ಪರ್ಮಿಟ್ ಬೇಕು. 250 ಚದರಡಿ ಸಣ್ಣದು ದೊಡ್ಡದು ಅಂತ ಅಲ್ಲಿ ಪ್ರಶ್ನೆಯೇ ಇಲ್ಲ. ಇದ್ದ ಕಟ್ಟಡಕ್ಕೆ ಹೊಸತಾಗಿ ನೆಲ ಸೇರುತ್ತದೆ, ಕಾಂಕ್ರೀಟ್ ಬೀಳುತ್ತದೆ, ಹಾಗಾಗಿ ಅದು ಅಡಿಷನ್. ಹಳೇ ಮನೆಯ ನಂಬರು, ತೆರಿಗೆ ರಶೀದಿ ಜೊತೆಗಿಟ್ಟು, ಪ್ಲಾನಿನಲ್ಲಿ ಹಳತು ಹೊಸತು ಎರಡನ್ನೂ ತೋರಿಸಬೇಕು. ಬಾತ್‌ರೂಮಿಗೆ ಹೊಸ ಗುಂಡಿ ತೆಗೆಯುವುದಾದರೆ ಬಾವಿಯಿಂದ 7.5 ಮೀಟರ್ ದೂರ ಇರಲೇಬೇಕು. ನಮ್ಮ ಕಡೆ ಹಳೇ ಮನೆಗಳಲ್ಲಿ ಬಾವಿ ಅಡುಗೆಕೋಣೆಗೆ ಅಂಟಿಕೊಂಡೇ ಇರುತ್ತದೆ, ಅಲ್ವಾ. ಅಡುಗೆಕೋಣೆ ಎಲ್ಲಿ ಬರುತ್ತದೆ ಎಂಬುದಕ್ಕಿಂತ ಗುಂಡಿ ಎಲ್ಲಿ ಬರುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಬಾವಿ ಹೊಸತು ತೋಡುವುದಾದರೆ ಅದಕ್ಕೂ ಅನುಮತಿ ಬೇಕು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಪಾಗಾರ ನೆರೆಯವರ ಜಾಗೆಯ ಬದಿಗೆ ಆದರೆ ಪರ್ಮಿಟ್ ಬೇಡ. ರಸ್ತೆ, ತೋಡು, ಸರಕಾರಿ ಜಾಗೆಗೆ ತಾಗಿ ಬಂದರೆ ಬೇಕು. ನಿಮ್ಮದು ಪಂಚಾಯತ್ ರಸ್ತೆ, ಹಾಗಾಗಿ ಬೇಕು. ಪಾಗಾರ ಗಡಿಯಲ್ಲೇ ಕಟ್ಟಬಹುದು, ಕಟ್ಟಡ ಮಾತ್ರ ಹಿಂದೆ ಸರಿಯಬೇಕು. ಪಂಚಾಯತ್ ರಾಜ್ ಕಾನೂನಿನ 220(ಬಿ) ಪ್ರಕಾರ ನ್ಯಾಶನಲ್ ಹೈವೇ, ಸ್ಟೇಟ್ ಹೈವೇ, ಜಿಲ್ಲಾ ರಸ್ತೆ ಮತ್ತು ಪಂಚಾಯತ್ ನೋಟಿಫೈ ಮಾಡಿದ ರಸ್ತೆಗಳ ಗಡಿಯಿಂದ 3 ಮೀಟರ್ ಒಳಗೆ ಏನೂ ಕಟ್ಟುವ ಹಾಗಿಲ್ಲ. ತಲಪಾಡಿಯಿಂದ ಈಚೆಗೆ ಹೈವೇ ಅಗಲವಾದ ಮೇಲೆ ಎಷ್ಟೋ ಮನೆಗಳ ಜಗಲಿ ರಸ್ತೆ ಗಡಿಗೇ ಬಂದು ನಿಂತಿದೆ. ಅಂಥ ಕಡೆ ಮುಂದುಗಡೆ ಒಂದು ಶೀಟು ಇಳಿಸಬೇಕಾದರೂ ಮೊದಲು ಈ 3 ಮೀಟರ್ ನೋಡಿ.

ಟೆರೇಸಿನ ಶೀಟು. ನಾಲ್ಕು ಬದಿ ತೆರೆದಿದ್ದು, ಸೋರದ ಹಾಗೆ ಅಥವಾ ಅಡಿಕೆ ಒಣಗಿಸಲು ಅಂತ ಹಾಕಿದ ಮಾಡನ್ನು ಮಹಡಿಯ ಹಾಗೆ ನೋಡುವುದಿಲ್ಲ. ಎತ್ತರಕ್ಕೆ ಮಿತಿ ಇದೆ, ಶೀಟಿನವನಿಗೆ ಬಿಟ್ಟರೆ ಆಳು ಓಡಾಡುವಷ್ಟಲ್ಲ, ಆನೆ ಓಡಾಡುವಷ್ಟು ಏರಿಸುತ್ತಾನೆ. ಪ್ಲಾನ್ ಮಾಡುವವರ ಹತ್ತಿರ ಕೇಳಿಯೇ ಪೈಪು ಕತ್ತರಿಸಿ. ಒಂದು ಬದಿಗೆ ಇಟ್ಟಿಗೆ ಇಟ್ಟು ಕಿಟಿಕಿ ಕೂರಿಸಿದಿರೋ, ಅದು ಕೋಣೆ.

ತಮ್ಮನ ಜಾಗೆಯದ್ದು ನಿಜವಾದ ವಿಷಯ. ಸಂಜೆ ಬರೆಯುತ್ತೇನೆ, ಸೈಟಿಗೆ ಹೋಗಬೇಕು.

ನೀರ್ಚಾಲು ಅಕ್ಕ:

ಮೇಸ್ತ್ರಿ ಮಾತು ಕೇಳಿ ಶುರು ಮಾಡಬೇಡಿ ತಮ್ಮಾ. ನಮ್ಮ ಮಾವನ ಮನೆಯಲ್ಲಿ ಹೀಗೇ ಮೇಲೆ ಎರಡು ಕೋಣೆ ಏರಿಸಿದರು, ಪರ್ಮಿಟ್ ಇಲ್ಲ. ವರ್ಷಗಟ್ಟಲೆ ಯಾರೂ ಕೇಳಲಿಲ್ಲ, ನಿಜ. ಮಗಳ ಮದುವೆಗೆ ಅಂತ ಬ್ಯಾಂಕಿಗೆ ಹೋದಾಗ ಮ್ಯಾನೇಜರು ಒಪ್ಪಿಗೆಯಾದ ಪ್ಲಾನು ಕೊಡಿ ಎಂದರು. ಪ್ಲಾನಿನಲ್ಲಿ ಇರುವುದು ಒಂದೇ ಅಂತಸ್ತು, ಕಣ್ಣೆದುರು ನಿಂತಿರುವುದು ಎರಡು. ಮತ್ತೆ ಪಂಚಾಯತಿನವರು ಬಂದು ಅಳೆದು ಆ ಭಾಗಕ್ಕೆ ಯು.ಎ. ನಂಬರು ಕೊಟ್ಟರು, ಅಂದರೆ ಅನಧಿಕೃತ ಕಟ್ಟಡ. ತೆರಿಗೆ ಮಾಮೂಲಿನ ಮೂರರಷ್ಟು. ಕಟ್ಟಿದ ಮೇಲೂ ಸಕ್ರಮ ಮಾಡಿಸಿಕೊಳ್ಳಲು ನಿಯಮದಲ್ಲಿ ದಾರಿ ಇದೆ, ಆದರೆ ಅದು ಕಟ್ಟಿದ್ದು ನಿಯಮದ ಒಳಗೆ ಇದ್ದರೆ ಮಾತ್ರ. ಇವರದ್ದು ಹಿಂದಿನ ಗಡಿಗೆ ತೀರಾ ಹತ್ತಿರ, ಆದ್ದರಿಂದ ಅದೂ ಆಗಲಿಲ್ಲ. ಈಗ ಒಂದೋ ಆ ಮೂಲೆ ಒಡೆಯಬೇಕು, ಇಲ್ಲ ಮೂರರಷ್ಟು ಕಟ್ಟುತ್ತಾ ಇರಬೇಕು.

ಯಾರೂ ಕೇಳುವುದಿಲ್ಲ ಅಂದರೆ ಕಟ್ಟುವಾಗ ಕೇಳುವುದಿಲ್ಲ ಅಂತ ಅಷ್ಟೇ. ಸಾಲ, ಮಾರಾಟ, ಪಾಲು, ಈ ಮೂರರಲ್ಲಿ ಯಾವುದಾದರೂ ಬಂದಾಗ ಕೇಳುತ್ತಾರೆ.

ಪೈವಳಿಕೆ ಕೂಲಿ:

ಎಲ್ಲ ಸರಿ. ಆದರೆ ನಮ್ಮಂಥವರಿಗೆ ಒಂದು ಬಚ್ಚಲು ಕಟ್ಟಲು ಪ್ಲಾನು, ಸಹಿ, ಆನ್‌ಲೈನ್ ಅರ್ಜಿ, ಎಲ್ಲದಕ್ಕೂ ದುಡ್ಡು. ಪಂಚಾಯತ್ ಫೀಸಿಗಿಂತ ಪ್ಲಾನ್ ಬರೆಯುವವರ ಫೀಸೇ ಜಾಸ್ತಿ ಅಂತ ನಾನು ಹೇಳಿದರೆ ಇಲ್ಲಿ ಕೆಲವರಿಗೆ ಕೋಪ ಬರಬಹುದು. 2023ರಲ್ಲಿ ಒಮ್ಮೆಲೇ ಫೀಸು ಏರಿಸಿದಾಗ ನಮ್ಮ ಊರಲ್ಲಿ ಎಷ್ಟು ಜನ ಮನೆ ಕೆಲಸವನ್ನೇ ಮುಂದೆ ಹಾಕಿದರು ಗೊತ್ತಾ? ಎಲ್ಲರೂ ಕಾನೂನು ಕಾನೂನು ಅಂತೀರಿ. ಬಡವ ಕಟ್ಟಿದ್ದು ಕಾಣುತ್ತದೆ, ಪೇಟೆಯಲ್ಲಿ ಪಾರ್ಕಿಂಗ್ ಜಾಗವನ್ನು ಅಂಗಡಿ ಮಾಡಿದ್ದು ಯಾರಿಗೂ ಕಾಣುವುದಿಲ್ಲ.

ಮುಳ್ಳೇರಿಯ ಡ್ರಾಯಿಂಗ್:

ಕೋಪ ಏನೂ ಇಲ್ಲ, ಅರ್ಧ ನಿಜವೇ. ಆದರೆ ಫೀಸಿನ ವಿಷಯ ಸ್ವಲ್ಪ ಸ್ಪಷ್ಟ ಮಾಡುತ್ತೇನೆ. 2023ರ ಏಪ್ರಿಲ್‌ನಲ್ಲಿ ಏರಿಸಿದ್ದು ಹೌದು, ಅತಿಯಾಯಿತು. 2024ರ ಆಗಸ್ಟ್ 1ರಿಂದ ಸುಮಾರು 60 ಶೇಕಡದವರೆಗೆ ಇಳಿಸಿದರು. 80 ಚದರ ಮೀಟರ್ ವರೆಗಿನ ಮನೆಗೆ, ಅಂದರೆ 861 ಚದರಡಿಗೆ, ಆ ಏರಿಕೆ ಬಂದದ್ದೇ ಇಲ್ಲ. ಗ್ರಾಮ ಪಂಚಾಯತಿನಲ್ಲಿ 81ರಿಂದ 150 ಚದರ ಮೀಟರಿನ ಮನೆಗೆ ಮೀಟರಿಗೆ 50 ರೂಪಾಯಿ ಇದ್ದದ್ದು 25 ಆಯಿತು. 120 ಚದರ ಮೀಟರಿನ ಮನೆ ಅಂದರೆ ಪರ್ಮಿಟ್ ಫೀಸು 3000, ಅರ್ಜಿ ಶುಲ್ಕ ಬೇರೆ. ಈಗ ಒಂದು ಲೋಡು ಕೆಂಪುಕಲ್ಲಿನ ಬೆಲೆ ನೋಡಿದರೆ ಈ ಫೀಸಿಗೆ ಹೆದರಿ ಪರ್ಮಿಟ್ ಬಿಡುವುದು ಲೆಕ್ಕಕ್ಕೆ ಬರುವುದಿಲ್ಲ. ಪ್ಲಾನಿಗೆ ನಾವು ತೆಗೆದುಕೊಳ್ಳುವುದು ಜಾಸ್ತಿ ಅಂತೀರಾ, ಚೌಕಾಸಿ ಮಾಡಿ, ತಪ್ಪೇನಿಲ್ಲ. ಮೊದಲೇ ಮಾತಾಡಿಕೊಳ್ಳಿ.

ಇನ್ನೊಂದು ಅನುಕೂಲವೂ ಇದೆ. 300 ಚದರ ಮೀಟರ್ ವರೆಗಿನ ಸಾಮಾನ್ಯ ಮನೆಗಳಿಗೆ ಈಗ ಸೆಲ್ಫ್ ಸರ್ಟಿಫಿಕೇಶನ್. ಮನೆಯವರು ಮತ್ತು ಲೈಸೆನ್ಸ್ ಇರುವವರು ಎಲ್ಲ ನಿಯಮದಂತೆ ಇದೆ ಎಂದು ಬರೆದುಕೊಟ್ಟು ಫೀಸು ಕಟ್ಟಿದರೆ ಪರ್ಮಿಟ್ ಅಲ್ಲೇ ಬರುತ್ತದೆ, ಯಾರ ಮೇಜಿನ ಮುಂದೆಯೂ ನಿಲ್ಲಬೇಕಾಗಿಲ್ಲ. ಅರ್ಜಿ ಹೋಗುವುದು ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ. ಮುನ್ಸಿಪಾಲಿಟಿಗಳಲ್ಲಿ 2024ರ ಜನವರಿ 1ರಿಂದ ಇದೆ, ಗ್ರಾಮ ಪಂಚಾಯತಿಗಳಿಗೆ 2025ರ ಏಪ್ರಿಲ್‌ನಲ್ಲಿ ಬಂತು. ಆದರೆ ಸುಳ್ಳು ಬರೆದುಕೊಟ್ಟರೆ ಜವಾಬ್ದಾರಿಯೂ ನಿಮ್ಮದೇ. ಮುಂದೆ ಅಳೆಯಲು ಬಂದಾಗ ಪ್ಲಾನಿಗೂ ಗೋಡೆಗೂ ತಾಳೆಯಾಗದಿದ್ದರೆ ಪರ್ಮಿಟ್ ತೋರಿಸಿ ಪ್ರಯೋಜನ ಇಲ್ಲ.

ಈಗ ತಮ್ಮನ 10 ಸೆಂಟ್ಸ್. ನೀವು ಕೇಳಿದ ಎಲ್ಲದರಲ್ಲಿ ನಿಜವಾಗಿ ತಲೆ ಬಿಸಿ ಮಾಡಿಕೊಳ್ಳಬೇಕಾದ್ದು ಇದೊಂದೇ. ಅಡುಗೆಕೋಣೆಯ ಪರ್ಮಿಟ್ ಕಾಗದದ ಕೆಲಸ, ಆಗಿಹೋಗುತ್ತದೆ. ಜಾಗೆ ನಂಜ ಅಂತ ಇದ್ದರೆ ಪ್ಲಾನ್ ಎಷ್ಟು ಚಂದ ಇದ್ದರೂ ಪಂಚಾಯತಿನವರು ಸೀದಾ ಪರ್ಮಿಟ್ ಕೊಡುವ ಹಾಗಿಲ್ಲ.

2008ರಲ್ಲಿ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಉಳಿಸುವ ಕಾನೂನು ಬಂತು. ಆಗ ಗದ್ದೆಯಾಗಿ ಇದ್ದ ಜಾಗೆಗಳ ಪಟ್ಟಿ ಮಾಡಿದರು, ಅದೇ ಡಾಟಾ ಬ್ಯಾಂಕ್. ಆ ಪಟ್ಟಿ ಮಾಡಿದವರು ಎಲ್ಲ ಕಡೆ ಹೋಗಿ ನೋಡಿದ್ದಾರೆ ಎಂದುಕೊಳ್ಳಬೇಡಿ. ರೆಕಾರ್ಡಿನಲ್ಲಿ ನಂಜ ಅಂತ ಇತ್ತು, ಪಟ್ಟಿಗೂ ಸೇರಿತು, ಆದರೆ ಅಲ್ಲಿ ಅಡಿಕೆ ಮರ ಆಗಲೇ ಮುದಿಯಾಗಿತ್ತು. ಇಂಥವು ನಮ್ಮ ಕಡೆ ಬೇಕಾದಷ್ಟಿವೆ. ಹಾಗಾಗಿ ಮೊದಲು ಕೃಷಿ ಭವನಕ್ಕೆ ಹೋಗಿ ನಿಮ್ಮ ಸರ್ವೆ ನಂಬರು ಡಾಟಾ ಬ್ಯಾಂಕಿನಲ್ಲಿ ಉಂಟಾ ಇಲ್ಲವಾ ನೋಡಿ. ಮುಂದಿನದೆಲ್ಲ ಅದರ ಮೇಲೆ.

ಅದರಲ್ಲಿ ಇಲ್ಲ, ರೆಕಾರ್ಡಿನಲ್ಲಿ ಮಾತ್ರ ನಂಜ, ಅಂತಾದರೆ ಅಷ್ಟು ಕಷ್ಟ ಇಲ್ಲ. 10 ಸೆಂಟ್ಸ್ ಒಳಗೆ 120 ಚದರ ಮೀಟರ್ (ಸುಮಾರು 1290 ಚದರಡಿ) ಮೀರದ ಮನೆ ಕಟ್ಟುವುದಾದರೆ ಜಾಗೆಯ ಸ್ವಭಾವ ಬದಲಿಸುವ ಅರ್ಜಿಯೇ ಬೇಡ ಎಂದು ಕಾನೂನಿನಲ್ಲಿದೆ. ಅದಕ್ಕಿಂತ ದೊಡ್ಡ ಮನೆ ಬೇಕಾದರೆ ಫಾರ್ಮ್ 6 ಹಾಕಬೇಕು. 25 ಸೆಂಟ್ಸ್ ವರೆಗೆ ಇದಕ್ಕೆ ಶುಲ್ಕ ಇಲ್ಲ, ಆದರೆ 2017ರ ಡಿಸೆಂಬರ್ 30ರ ನಂತರ ದೊಡ್ಡ ಜಾಗೆಯಿಂದ ತುಂಡು ಮಾಡಿದ್ದಾದರೆ ಆ ರಿಯಾಯಿತಿ ಸಿಗುವುದಿಲ್ಲ. ಪಾಲು ಯಾವಾಗ ಆಗಿದೆ ನೋಡಿಕೊಳ್ಳಿ.

ಡಾಟಾ ಬ್ಯಾಂಕಿನಲ್ಲಿ ಇದೆ ಅಂತಾದರೆ ಮೊದಲು ಅದರಿಂದ ತೆಗೆಸಬೇಕು, ಅದಕ್ಕೆ ಫಾರ್ಮ್ 5. ಕೃಷಿ ಅಧಿಕಾರಿ ಸ್ಥಳ ನೋಡಿ ವರದಿ ಕೊಡುತ್ತಾರೆ. ಸಂಶಯ ಬಂದರೆ 2008ರ ಹೊತ್ತಿನ ಉಪಗ್ರಹ ಚಿತ್ರ ತರಿಸಿ ನೋಡುತ್ತಾರೆ. ಹಳೇ ಅಡಿಕೆ ಮರ ನಿಂತಿದ್ದರೆ ಅದೇ ನಿಮ್ಮ ಸಾಕ್ಷಿ, ಮನೆಗೆ ಅಂತ ಈಗಲೇ ಕಡಿದು ಹಾಕಬೇಡಿ! ಎಷ್ಟೋ ಜನ ಜಾಗೆ ಸಮ ಮಾಡಿ, ಮಣ್ಣು ತುಂಬಿಸಿ, ಆಮೇಲೆ ಅರ್ಜಿ ಹಾಕಲು ಬರುತ್ತಾರೆ. ನೋಡಲು ಬಂದವರ ಕಣ್ಣಿಗೆ ಅದು ನಿನ್ನೆ ತುಂಬಿಸಿದ ಗದ್ದೆಯ ಹಾಗೇ ಕಾಣುತ್ತದೆ.

ನಿಜವಾಗಿ ಗದ್ದೆಯೇ ಆಗಿದ್ದು, ತಮ್ಮನಿಗೆ ಬೇರೆ ಜಾಗೆ ಇಲ್ಲದಿದ್ದರೆ, ಸ್ವಂತ ವಾಸದ ಮನೆಗೆ ಪಂಚಾಯತಿನಲ್ಲಿ 10 ಸೆಂಟ್ಸ್, ಮುನ್ಸಿಪಾಲಿಟಿಯಲ್ಲಿ 5 ಸೆಂಟ್ಸ್ ವರೆಗೆ ಆ 2008ರ ಕಾನೂನಿನ ಸಮಿತಿಯ ಅನುಮತಿ ಕೇಳಬಹುದು. ಅದು ನಿಧಾನದ ದಾರಿ.

ಉಪ್ಪಳ ಕಡಪ್ಪುರ:

ಡ್ರಾಯಿಂಗ್ ಅಣ್ಣ ಗುಡ್ಡೆ ಕಡೆಯವರು, ಹಾಗಾಗಿ ಕಡಲ ಬದಿಯ ಸುದ್ದಿ ಬಿಟ್ಟಿದ್ದಾರೆ. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆ ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್ ಒಳಗೆ ಇದ್ದರೆ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ಬರುತ್ತದೆ. ಉಪ್ಪು ನೀರು ಏರುವ ಹೊಳೆ ಬದಿಗೂ ಇದೆ, ದೂರ ಕಡಿಮೆ. 2019ರ ಅಧಿಸೂಚನೆಯಲ್ಲಿ ಹಳ್ಳಿ ಕಡೆ ಜನ ಒತ್ತಾಗಿ ಇರುವಲ್ಲಿ, ಅಂದರೆ 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಇದ್ದರೆ, ಕಟ್ಟಬಾರದ ಪಟ್ಟಿ 50 ಮೀಟರ್. ಇಲ್ಲದಿದ್ದರೆ 200. ಇಂಥ ಜಾಗೆಯಲ್ಲಿ ಸ್ವಂತ ವಾಸದ 300 ಚದರ ಮೀಟರ್ ವರೆಗಿನ ಮನೆಗೆ ಪಂಚಾಯತಿನವರೇ ಸಿಆರ್‌ಝೆಡ್ ನಿಯಮ ನೋಡಿ ಅನುಮತಿ ಕೊಡಬಹುದು, ಅದಕ್ಕಿಂತ ದೊಡ್ಡದಕ್ಕೆ ಕರಾವಳಿ ನಿಯಂತ್ರಣದವರ ಒಪ್ಪಿಗೆಯೂ ಬೇಕು. ಬೇಕಲ ಕೋಟೆ ಹತ್ತಿರದವರಿಗೆ ಇದರ ಮೇಲೆ ಇನ್ನೊಂದು. ಅದು ಪುರಾತತ್ವ ಇಲಾಖೆಯದ್ದು, 100 ಮೀಟರ್ ಒಳಗೆ ಹೊಸ ಕಟ್ಟಡವೇ ಇಲ್ಲ, ಅದರಾಚೆ 200 ಮೀಟರಿಗೆ ಬೇರೆ ಅನುಮತಿ.

ವರ್ಷಾ ವರ್ಷಾ ಕಡಲು ಅಂಗಳದವರೆಗೆ ಬರುತ್ತದೆ, ಅದಕ್ಕೆ ಯಾರ ಪರ್ಮಿಟ್ಟೂ ಬೇಡ.

ಎಣ್ಮಕಜೆ ಮಾಸ್ಟ್ರು:

ಕುಮ್ಕಿ ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮ ಹಳೇ ದಕ್ಷಿಣ ಕನ್ನಡದ ಪದ್ಧತಿ, 1956ರಲ್ಲಿ ಕೇರಳಕ್ಕೆ ಸೇರಿದ ಮೇಲೂ ಉಳಿದುಕೊಂಡಿದೆ. ವರ್ಗ ಜಾಗೆಯವನಿಗೆ (ಸ್ವಂತ ಹಕ್ಕಿನ ಜಾಗೆ ಇದ್ದವನಿಗೆ) ಪಕ್ಕದ ಸರಕಾರಿ ಜಾಗೆಯಿಂದ ಸೊಪ್ಪು, ಹುಲ್ಲು ತೆಗೆಯುವ ಹಕ್ಕು ಇತ್ತು. ಕಾಲ ಹೋದ ಹಾಗೆ ಅದರಲ್ಲೇ ತೋಟ ಆಯಿತು, ಮನೆಯೂ ಆಯಿತು. ಆದರೆ ರೆಕಾರ್ಡಿನಲ್ಲಿ ಅದು ಸರಕಾರದ್ದೇ, ಪಟ್ಟೆ (ಹಕ್ಕುಪತ್ರ) ಸಿಗುವವರೆಗೆ ನಿಮ್ಮ ಹೆಸರಲ್ಲಿ ತೆರಿಗೆ ಕಟ್ಟಲು ಆಗುವುದಿಲ್ಲ, ತೆರಿಗೆ ರಶೀದಿ ಇಲ್ಲದೆ ಪರ್ಮಿಟ್ ಇಲ್ಲ. ಹಳೇ ಮನೆ ಸ್ವಲ್ಪ ವರ್ಗದಲ್ಲಿ, ಸ್ವಲ್ಪ ಕುಮ್ಕಿಯಲ್ಲಿ ಕೂತಿರುವುದು ಸಾಮಾನ್ಯ. ಹಿಂದುಗಡೆ ಅಡುಗೆಕೋಣೆ ಇಳಿಸುವ ಮೊದಲು ಗಡಿಕಲ್ಲು ಎಲ್ಲಿದೆ ಎಂದು ನೋಡಿ.

ಪಂಚಾಯತಿನಲ್ಲಿ ಕೆಲಸ ಎಳೆದರೆ ಸುಮ್ಮನಿರಬೇಡಿ. ಸೆಕ್ರೆಟರಿ ಅವಧಿಯೊಳಗೆ ತೀರ್ಮಾನ ಹೇಳದಿದ್ದರೆ ಪಂಚಾಯತ್ ಸಮಿತಿಗೆ ಬರೆದು ಕೊಡಬಹುದು. ತಿರಸ್ಕರಿಸಿದರೆ ತಿರುವನಂತಪುರದಲ್ಲಿ ಸ್ಥಳೀಯ ಸಂಸ್ಥೆಗಳ ಟ್ರಿಬ್ಯೂನಲ್ ಇದೆ. ಅರ್ಜಿ ಕನ್ನಡದಲ್ಲೇ ಬರೆಯಿರಿ, ಭಾಷಾ ಅಲ್ಪಸಂಖ್ಯಾತರಿಗೆ ಆ ಹಕ್ಕು ಇದೆ. ನಾವು ಬರೆಯುವುದು ಬಿಟ್ಟರೆ ಓದುವವರನ್ನು ನೇಮಿಸುವುದನ್ನೂ ಬಿಡುತ್ತಾರೆ.

ಪಳ್ಳತ್ತಡ್ಕದವ:

ಎಲ್ಲರಿಗೂ ತುಂಬಾ ಉಪಕಾರ. ಮೇಸ್ತ್ರಿಗೆ ಹಂಚಿನ ಕೆಲಸ ಮಾತ್ರ ಶುರು ಮಾಡು ಎಂದು ಹೇಳಿದ್ದೇನೆ, ಅವನ ಮುಖ ಸಪ್ಪೆಯಾಯಿತು. ಸೋಮವಾರ ತಮ್ಮನನ್ನು ಕೃಷಿ ಭವನಕ್ಕೆ ಕಳಿಸುತ್ತೇನೆ. ಪಾಲು ಆದದ್ದು 2015ರಲ್ಲಿ, ಹಾಗಾಗಿ ಆ ಡಿಸೆಂಬರ್ 30ರದ್ದು ನಮಗೆ ತಾಗುವುದಿಲ್ಲ ಅಂದುಕೊಂಡಿದ್ದೇನೆ. ಎರಡು ಸಣ್ಣ ಪ್ರಶ್ನೆ ಉಳಿಯಿತು. ಅಡುಗೆಕೋಣೆಗೊಂದು, ಪಾಗಾರಕ್ಕೊಂದು ಅಂತ ಬೇರೆ ಬೇರೆ ಅರ್ಜಿ ಹಾಕಬೇಕಾ? ಪರ್ಮಿಟ್ ತೆಗೆದು ಈ ವರ್ಷ ದುಡ್ಡು ಸಾಲದೆ ಅರ್ಧಕ್ಕೆ ನಿಲ್ಲಿಸಿದರೆ?

ಮುಳ್ಳೇರಿಯ ಡ್ರಾಯಿಂಗ್:

ಬೇರೆ ಅರ್ಜಿ ಬೇಡ, ಒಂದೇ ಪ್ಲಾನಿನಲ್ಲಿ ಎರಡನ್ನೂ ತೋರಿಸಿ. ಪರ್ಮಿಟ್ಟಿಗೆ 5 ವರ್ಷದ ಅವಧಿ ಇದೆ, ಅದು ಮುಗಿಯುವ ಮೊದಲೇ ಅರ್ಜಿ ಕೊಟ್ಟು ಮುಂದುವರಿಸಿಕೊಳ್ಳಬಹುದು. ಹಾಗಾಗಿ ಅಡಿಕೆಗೆ ಒಳ್ಳೆ ರೇಟು ಬರುವವರೆಗೆ ಕಾದು ಪಾಗಾರ ಕಟ್ಟಿದರೂ ಆಯಿತು. ಕೆಲಸ ಮುಗಿದ ಮೇಲೆ ಕಂಪ್ಲೀಶನ್ ಸರ್ಟಿಫಿಕೇಟು ಕೊಟ್ಟು ಮನೆ ತೆರಿಗೆಗೆ ಹೊಸ ಅಳತೆ ಸೇರಿಸಲು ಮರೆಯಬೇಡಿ. ಹಳತು ಹೊಸತು ಸೇರಿ 100 ಚದರ ಮೀಟರ್ ದಾಟುವುದಾದರೆ ತಾಲೂಕು ಆಫೀಸಿನಲ್ಲಿ ಒಮ್ಮೆ ಕಟ್ಟುವ ಕಟ್ಟಡ ತೆರಿಗೆಯೂ ಇದೆ, ಅದು ಪಂಚಾಯತಿನದ್ದಲ್ಲ, ರೆವೆನ್ಯೂದವರದ್ದು. ಹಂಚಿನ ಮನೆಯ ಈಗಿನ ಅಳತೆ ಎಷ್ಟು ಎಂದು ತೆರಿಗೆ ರಶೀದಿ ನೋಡಿ ಇಲ್ಲಿ ಹಾಕಿ, ಲೆಕ್ಕ ಹೇಳುತ್ತೇನೆ.